ಐಸ್ ಫ್ಯಾಕ್ಟರಿ ಕರಿಸಿದ್ದಪ್ಪನೂ ಕುಣಿಗಲ್ಲಿನ ತಂಪು ಕಾರೂ

ತುಮಕೂರಿನ ಶಿರಾ ಗೇಟ್ ಬಳಿ ಆಗ ಒಂದು ಐಸ್ ಫ್ಯಾಕ್ಟರಿ ಇತ್ತು. ಸೋಡಾ ಅಂಗಡಿಗಳಿಗೆ, ಮದುವೆ ಮನೆಗಳಿಗೆ, ಆಸ್ಪತ್ರೆಗೆ ಮಂಜುಗಡ್ಡೆ ಹೋಗುತ್ತಿದ್ದದ್ದು ಅಲ್ಲಿಂದಲೇ. ಅದರ ಯಂತ್ರ ನೋಡಿಕೊಳ್ಳುತ್ತಿದ್ದವನು ಕರಿಸಿದ್ದಪ್ಪ. ನಾನು ಅವನ ಪಕ್ಕದ ಮನೆಯವನು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹದಿನಾರು ವರ್ಷ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ.

ಗುಬ್ಬಿ ಹತ್ತಿರದ ಹಳ್ಳಿಯವನು ಅವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಹದಿನೆಂಟನೇ ವಯಸ್ಸಿಗೆ ಗಡ್ಡೆ ಹೊರುವ ಕೆಲಸಕ್ಕೆಂದು ಫ್ಯಾಕ್ಟರಿಗೆ ಬಂದ. ಬಂದ ವರ್ಷವೇ ಒಂದು ದಿನ ಅಲ್ಲಿನ ಇಂಜಿನಿಯರ ಬಳಿ ಹೋಗಿ, "ಮಿಷಿನ್ ಸದ್ದು ಮೊನ್ನೆಯಿಂದ ಬೇರೆ ಆಗೈತೆ ಸ್ವಾಮಿ" ಎಂದನಂತೆ. ಅವರು ಗದರಿಸಿ ಕಳಿಸಿದರು. ಮೂರನೇ ದಿನ ಬೇರಿಂಗ್ ಮುರಿಯಿತು. ಇಂಜಿನಿಯರು ಅವನನ್ನು ಕರೆಸಿ, ಗಡ್ಡೆ ಹೊರುವುದನ್ನು ಬಿಡಿಸಿ, ಕೈಗೆ ಎಣ್ಣೆ ಡಬ್ಬಿ ಕೊಟ್ಟರು. ಹತ್ತು ವರ್ಷದಲ್ಲಿ ಆ ಯಂತ್ರದ ಒಂದೊಂದು ನಟ್ಟೂ ಅವನಿಗೆ ಮನೆಯವರಷ್ಟೇ ಪರಿಚಯವಾಗಿತ್ತು.

ಐವತ್ತಾರರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅಮೋನಿಯಾ ಕೊಳವೆಯ ಕೀಲು ಒಡೆಯಿತು. ಒಳಗಿದ್ದವರೆಲ್ಲ ಕೆಮ್ಮುತ್ತ ರಸ್ತೆಗೆ ಓಡಿಬಂದರು. ಎಣಿಸಿದರೆ ಇಬ್ಬರು ಕಡಿಮೆ. ಕರಿಸಿದ್ದಪ್ಪ ಒಂದು ಗೋಣಿಚೀಲವನ್ನು ತೊಟ್ಟಿಯಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡು, ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿಕೊಂಡು ಒಳಗೆ ಹೋದ. ಆ ಗ್ಯಾಸು ಮೇಲಕ್ಕೇರುತ್ತದೆ, ನೆಲದ ಹತ್ತಿರ ಒಂದಿಷ್ಟು ಉಸಿರು ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು. ದೊಡ್ಡ ವಾಲ್ವು ಮುಚ್ಚಿ, ಇಬ್ಬರನ್ನೂ ಒಬ್ಬೊಬ್ಬರಾಗಿ ಎಳೆದುಕೊಂಡು ಬಂದ. ಅವರಿಬ್ಬರೂ ಬದುಕಿದರು. ಇವನು ಮೂರು ವಾರ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಗಂಟಲು ಮೊದಲಿನಂತೆ ಆಗಲೇ ಇಲ್ಲ. ಮಾತಾಡಿದರೆ ಮರಳಿನ ಮೇಲೆ ತಗಡು ಎಳೆದ ಹಾಗೆ ಕೇಳುತ್ತಿತ್ತು. ಅಷ್ಟು ಧೈರ್ಯ ಎಲ್ಲಿಂದ ಬಂತಯ್ಯ ಎಂದು ನಾನೊಮ್ಮೆ ಕೇಳಿದ್ದೆ. "ಧೈರ್ಯ ಏನು ಬಂತು ಮೇಷ್ಟ್ರೆ. ವಾಲ್ವು ಎಲ್ಲೈತೆ ಅಂತ ಗೊತ್ತಿದ್ದೋನು ನಾನೊಬ್ನೇ ಅಲ್ವಾ" ಎಂದಿದ್ದ.

ನಾನು ಹೇಳಹೊರಟಿರುವುದು ಇದಾದ ಏಳು ವರ್ಷಗಳ ಮೇಲಿನ ಸಂಗತಿ.

ಅರವತ್ಮೂರರ ನವೆಂಬರಿನಲ್ಲಿ ಕುಣಿಗಲ್ಲಿನ ವಕೀಲ ಯೋಗನರಸಿಂಹ ನಮ್ಮ ಮನೆಗೆ ಬಂದರು. ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವರು. ಅವರ ಒಬ್ಬಳೇ ಮಗಳು ಶಾರದ, ಹದಿನೇಳು ವರ್ಷ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಬೇಕಿತ್ತು. ಮನೆಯಲ್ಲೇ ಓದಿದವಳಾದ್ದರಿಂದ ತುಮಕೂರಿಗೆ ಬಂದು ಬರೆಯಬೇಕು. ಅರ್ಜಿಯ ವಿಷಯ ಕೇಳಲು ಬಂದಿದ್ದರು. ಅರ್ಜಿಯ ಮಾತು ಐದು ನಿಮಿಷಕ್ಕೆ ಮುಗಿಯಿತು. ಆದರೂ ಅವರು ಏಳಲಿಲ್ಲ.

"ಅವಳಿಗೆ ಬೆವರು ಬರಲ್ಲ, ವೆಂಕಟೇಶಯ್ಯ" ಎಂದರು ಕಡೆಗೆ.

ಹುಟ್ಟಿದಾಗಿನಿಂದ ಹಾಗೆ. ಚರ್ಮದಲ್ಲಿ ಬೆವರಿನ ಗ್ರಂಥಿಗಳೇ ಇಲ್ಲವೆಂದು ಬೆಂಗಳೂರಿನ ಡಾಕ್ಟರು ಹೇಳಿದ್ದರು. ಬಿಸಿಲು ಏರಿದರೆ ಮೈಯೊಳಗಿನ ಕಾವು ಹೊರಗೆ ಹೋಗಲು ದಾರಿಯಿಲ್ಲ. ಒಂದು ಗಂಟೆಯಲ್ಲಿ ಜ್ವರ ನೂರಮೂರು, ನೂರನಾಲ್ಕಕ್ಕೆ ಹತ್ತಿ ಜ್ಞಾನ ತಪ್ಪುತ್ತದೆ. ತಲೆಗೂದಲು ತೆಳು, ಹಲ್ಲು ನಾಲ್ಕೈದೇ. ಅದಕ್ಕೆ ಔಷಧಿ ಇಲ್ಲ, ತಂಪಾಗಿಟ್ಟುಕೊಳ್ಳಿ ಎಂದಷ್ಟೇ ಹೇಳಿದ್ದರು. ಲಾವಂಚದ ತಟ್ಟಿ ಕಟ್ಟಿದ ಒಂದು ಕೋಣೆಯಲ್ಲಿ, ನೀರಿನ ತೊಟ್ಟಿಯಲ್ಲಿ ಕಾಲಿಟ್ಟುಕೊಂಡು ಆ ಹುಡುಗಿ ಇಷ್ಟೂ ವರ್ಷ ಓದಿದ್ದಳು.

ಪರೀಕ್ಷೆ ಬರುವುದು ಮಾರ್ಚಿ ಕೊನೆಗೆ. ಬೆಳಗ್ಗೆ ಒಂದು ಪೇಪರು, ಮಧ್ಯಾಹ್ನ ಒಂದು. ಅದಕ್ಕಾಗಿಯೇ ಯೋಗನರಸಿಂಹರು ಹೋದ ವರ್ಷ ಬೆಂಗಳೂರಿನಲ್ಲಿ ಹರಾಜಿಗೆ ಬಂದಿದ್ದ ಒಂದು ಅಮೆರಿಕದ ಕಾರು ಹಿಡಿದಿದ್ದರು. ಹತ್ತು ವರ್ಷ ಹಳೆಯದು, ದೋಣಿಯಷ್ಟು ಉದ್ದ. ಆದರೆ ಅದರಲ್ಲಿ ಏರ್ ಕಂಡೀಷನ್ ಇತ್ತು. ಎರಡು ಪೇಪರುಗಳ ನಡುವೆ ಮಗಳು ಅದರಲ್ಲಿ ಕೂತು ಮೈ ಆರಿಸಿಕೊಳ್ಳಬಹುದೆಂದು ಅವರ ಲೆಕ್ಕ. ಕಾರು ಓಡಿತು, ತಂಪು ಮಾತ್ರ ಬರಲಿಲ್ಲ. ಬೆಂಗಳೂರಿನಲ್ಲಿ ಇಬ್ಬರು ಮೆಕ್ಯಾನಿಕ್ಕುಗಳು ಎರಡು ಸಲ ಗ್ಯಾಸು ತುಂಬಿಸಿದರು. ಎರಡು ಸಲವೂ ಹದಿನೈದು ದಿನಕ್ಕೆ ಖಾಲಿ. ಮೂರನೆಯವನು, ಇದನ್ನು ಬಿಚ್ಚಿ ಗುಜರಿಗೆ ಹಾಕಿ, ಡಿಕ್ಕಿಯಲ್ಲಿ ಜಾಗವಾದರೂ ಆಗುತ್ತೆ ಎಂದಿದ್ದ.

ನಾನು ಗೋಡೆಯಾಚೆಗೆ ಕೂಗಿ ಕರಿಸಿದ್ದಪ್ಪನನ್ನು ಕರೆದೆ.

ಅವನು ಅಂಥ ಕಾರನ್ನು ಹತ್ತಿರದಿಂದ ನೋಡಿದ್ದೇ ಅವತ್ತು. ಅಪ್ಪನ ಜೊತೆ ಬಂದಿದ್ದ ಶಾರದ ಹಿಂದಿನ ಸೀಟಿನಲ್ಲಿ ಒದ್ದೆ ಟವೆಲು ಹೆಗಲಿಗೆ ಹಾಕಿಕೊಂಡು ಕೂತಿದ್ದಳು. ವಕೀಲರು ಒಂದೇ ಸಮನೆ ವಿವರಿಸುತ್ತಿದ್ದರು. ಕರಿಸಿದ್ದಪ್ಪ ಅವರ ಮಾತು ಮುಗಿಯುವವರೆಗೆ ಕಾದು, ಕಿಟಕಿಯ ಬಳಿ ಬಗ್ಗಿ ಹುಡುಗಿಯನ್ನು ಕೇಳಿದ.

"ಅಮ್ಮಣ್ಣಿ, ಗ್ಯಾಸು ತುಂಬಿದ್ಮೇಲೆ ತಣ್ಣಗೆ ಬತ್ತಿತ್ತಲ್ಲ, ಅದು ಒಂದೇ ದಿನಕ್ಕೆ ನಿಂತ್ಹೋಯ್ತಾ? ಇಲ್ಲಾ ದಿನಾ ವಸಿ ವಸಿ ಕಮ್ಮಿ ಆಯ್ತಾ ಬಂತಾ?"

"ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಆಗ್ತಿತ್ತು" ಎಂದಳು ಶಾರದ. "ಹದಿನೈದನೇ ದಿನಕ್ಕೆ ಬರೀ ಗಾಳಿ."

"ಅಂಗಾರೆ ಎಲ್ಲೋ ಸಣ್ಣದಾಗಿ ಸೋರ್ತಾ ಐತೆ. ಮಿಷಿನ್ ಕೆಟ್ಟಿಲ್ಲ."

ಆಮೇಲೆ ಆ ಹುಡುಗಿ ನನಗೆ ಹೇಳಿದ್ದಳು, ಕಾರಿನ ವಿಷಯ ತನ್ನನ್ನು ಕೇಳಿದ ಮೊದಲನೆಯ ಮನುಷ್ಯ ಅವರೇ ಎಂದು.

ಸೋರಿಕೆ ಹುಡುಕುವುದು ಅವನಿಗೆ ಹೊಸ ವಿದ್ಯೆಯೇ ಆಯಿತು. ಅಮೋನಿಯಾ ಎಳೆಯಷ್ಟು ಸೋರಿದರೂ ಮೂಗು ಹೇಳುತ್ತದೆ. ಕಾರಿನ ಗ್ಯಾಸಿಗೆ ವಾಸನೆಯೇ ಇಲ್ಲ. ಎರಡು ಭಾನುವಾರ ಅವನು ಸುಮ್ಮನೆ ಆ ಕಾರನ್ನು ನೋಡಿದ. ಎಂಜಿನ್ನಿನ ಪಕ್ಕದಲ್ಲಿ ಗ್ಯಾಸನ್ನು ಒತ್ತುವ ಕಂಪ್ರೆಸರು, ಬೆಲ್ಟಿನಿಂದ ತಿರುಗುವಂಥದ್ದು. ಮುಂದೆ ರೇಡಿಯೇಟರಿಗೆ ಅಂಟಿದಂತೆ ಕಾವು ಹೊರಹಾಕುವ ಜಾಲರಿ. ತಂಪು ಹುಟ್ಟುವ ಪೆಟ್ಟಿಗೆ ಹಿಂದೆ ಡಿಕ್ಕಿಯಲ್ಲಿ. ಅಲ್ಲಿಂದ ಎರಡು ಪಾರದರ್ಶಕ ಕೊಳವೆಗಳು ಹಿಂದಿನ ಗಾಜಿನ ಪಕ್ಕ ಎದ್ದು ಚಾವಣಿಗೆ ಗಾಳಿ ಒಯ್ಯುತ್ತಿದ್ದವು. ಗ್ಯಾಸಿನ ಜೊತೆಗೆ ಕೊಳವೆಗಳೊಳಗೆ ಎಣ್ಣೆಯೂ ಓಡಾಡುತ್ತದೆ ಎಂಬುದು ಅವನಿಗೆ ಫ್ಯಾಕ್ಟರಿಯಿಂದಲೇ ಗೊತ್ತಿತ್ತು. ಗ್ಯಾಸು ಸೋರುವ ಕಡೆ ಎಣ್ಣೆಯೂ ಒಸರಲೇಬೇಕು, ಎಣ್ಣೆ ಒಸರಿದ ಕಡೆ ಧೂಳು ಕೂರಲೇಬೇಕು. ಹಾಗೆಂದುಕೊಂಡು ಕೀಲು ಕೀಲನ್ನೂ ಬೆರಳಿನಿಂದ ಸವರುತ್ತ ಹೋದ. ಕಂಪ್ರೆಸರಿನ ಮೂತಿಯಲ್ಲಿ, ದಂಡ ಹೊರಕ್ಕೆ ಬರುವ ಜಾಗದಲ್ಲಿ, ಕಾಡಿಗೆಯಂಥ ಅಂಟು ಸಿಕ್ಕಿತು. ಟೈರ್ ಅಂಗಡಿಯಿಂದ ಗಾಳಿ ತುಂಬಿಸಿ ಸೋಪಿನ ನೀರು ಬಳಿದಾಗ ಅಲ್ಲಿಂದ ಗುಳ್ಳೆಗಳು ಎದ್ದವು.

"ಇದನ್ನ ಮೊದ್ಲು ಇಟ್ಕಂಡಿದ್ದೋರು ಬೆಲ್ಟ್ ಬಿಚ್ಚಿ ಮೂಲೆಗೆ ಎಸ್ದವ್ರೆ" ಎಂದ ನನಗೆ. "ವರ್ಷಗಟ್ಲೆ ತಿರುಗ್ದೆ ನಿಂತದೆ. ಒಳಗಿನ ಎಣ್ಣೆ ಈ ಸೀಲಿಗೆ ತಾಗ್ದಲೆ ಒಣಗ್ಹೋಗೈತೆ. ಬೆಂಗಳೂರೋರು ಗ್ಯಾಸು ತುಂಬವ್ರೆ, ತೂತು ಹುಡುಕಿಲ್ಲ."

ಸೀಲು ಎಂದರೆ ಒಂದಕ್ಕೊಂದು ಒತ್ತಿ ಕೂತ ಎರಡು ಬಳೆಗಳು. ಅವುಗಳ ಮುಖ ಕನ್ನಡಿಯಷ್ಟು ನುಣ್ಣಗಿರಬೇಕು. ಹೊಸದು ಅಮೆರಿಕದಿಂದ ಬರಬೇಕಿತ್ತು. ಕರಿಸಿದ್ದಪ್ಪ ಹೆಂಡತಿ ಭದ್ರಮ್ಮನ ಕನ್ನಡಿಯನ್ನೇ ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಮಲಗಿಸಿದ. ಅದರ ಮೇಲೆ ಮೆರುಗು ಪುಡಿ ಎಣ್ಣೆಯಲ್ಲಿ ಕಲಸಿ ಬಳಿದು, ಬಳೆಯನ್ನು ಎರಡೇ ಬೆರಳಿನಲ್ಲಿ ಹಿಡಿದು, ಎಂಟರ ಅಂಕೆ ಬರೆದ ಹಾಗೆ ಉಜ್ಜಿದ. ಕೆಲಸ ಬಿಟ್ಟು ಬಂದ ಮೇಲೆ ದಿನಕ್ಕೆ ಒಂದು ಗಂಟೆ, ಹನ್ನೊಂದು ದಿನ. ಭದ್ರಮ್ಮ ಅಷ್ಟು ದಿನವೂ ನಮ್ಮ ಮನೆಗೆ ಬಂದು ಕುಂಕುಮ ಇಟ್ಟುಕೊಂಡು ಹೋದರು. "ಆ ಮಗೀಗೆ ಒಳ್ಳೇದಾಗ್ಲಿ ಬುಡಿ, ನನ್ನ ಮುಖ ನಾನು ನೋಡ್ಕಂಡು ಏನಾಗ್ಬೇಕು" ಎನ್ನುತ್ತಿದ್ದರು.

ಜನವರಿಯಲ್ಲಿ ಸೀಲು ಕೂರಿಸಿದ. ಬೆಂಗಳೂರಿನಿಂದ ಗ್ಯಾಸಿನ ಸಿಲಿಂಡರು ತರಿಸಿ, ಫ್ಯಾಕ್ಟರಿಯಲ್ಲಿ ಮಾಡುತ್ತಿದ್ದ ಹಾಗೆಯೇ ಒಂದಿಷ್ಟು ಗ್ಯಾಸು ಬಿಟ್ಟು ಒಳಗಿದ್ದ ಗಾಳಿಯನ್ನು ಊದಿ ಹೊರಹಾಕಿ, ಆಮೇಲೆ ಪೂರ್ತಿ ತುಂಬಿಸಿದ. ನಾವೆಲ್ಲ ಕೂತು ಕ್ಯಾತ್ಸಂದ್ರದವರೆಗೆ ಹೋಗಿ ಬಂದೆವು. ಚಾವಣಿಯಿಂದ ಇಳಿದ ಗಾಳಿಗೆ ನನ್ನ ತೋಳಿನ ರೋಮ ನಿಂತವು. ಯೋಗನರಸಿಂಹರು ಸ್ಟೀರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟರು. ಕರಿಸಿದ್ದಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದ.

ಫೆಬ್ರವರಿ ಹತ್ತರ ಸುಮಾರಿಗೆ ಮಗಳನ್ನು ಪರೀಕ್ಷೆಯ ಶಾಲೆ ತೋರಿಸಲು ವಕೀಲರು ಕರೆದುಕೊಂಡು ಹೊರಟರು. ಹೆಬ್ಬೂರು ದಾಟುತ್ತಿದ್ದಂತೆ ತಂಪು ನಿಂತುಹೋಯಿತು. ಅವತ್ತು ಕಾಲಕ್ಕೆ ಮೊದಲೇ ಬಿಸಿಲು ಏರಿತ್ತು. ಮುಂದೆ ಹೋಗಲು ಹೆದರಿ, ಒಂದು ಬಾವಿಯ ಬಳಿ ಕಾರು ನಿಲ್ಲಿಸಿ, ಅಲ್ಲಿ ನೀರು ಸೇದುತ್ತಿದ್ದ ಹೆಂಗಸರ ಕೈಯಲ್ಲಿ ಮಗಳ ಮೈಮೇಲೆ ಕೊಡಗಟ್ಟಲೆ ನೀರು ಹುಯ್ಯಿಸಿದರು. ಹಾಗೇ ವಾಪಸು ಕುಣಿಗಲ್ಲಿಗೆ ಹೋದರು. ಮೂರನೇ ದಿನ ನನಗೆ ಅವರ ಕಾಗದ ಬಂತು. ಇನ್ನು ಈ ಪರೀಕ್ಷೆಯ ಆಸೆ ಬಿಟ್ಟಿದ್ದೇನೆ, ಮಗಳ ಜೀವಕ್ಕಿಂತ ಅದು ದೊಡ್ಡದಲ್ಲ, ನಿಮ್ಮ ಗೆಳೆಯನಿಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯಿರಲಿ ಎಂದು ಬರೆದಿದ್ದರು.

ಅದೇ ಲಕೋಟೆಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯೂ ಇತ್ತು. ಅಪ್ಪನಿಗೆ ತಿಳಿಯದಂತೆ ಶಾರದ ಸೇರಿಸಿದ್ದಿರಬೇಕು. ನಾನು ಅದನ್ನು ಕರಿಸಿದ್ದಪ್ಪನಿಗೆ ಓದಿ ಹೇಳಿದೆ. "ಸಿದ್ದಪ್ಪನವರಿಗೆ ನಮಸ್ಕಾರ. ಈ ಸಲ ದಿನದಿಂದ ದಿನಕ್ಕೆ ಕಡಿಮೆ ಆಗಲಿಲ್ಲ. ಹೊರಟ ಇಪ್ಪತ್ತೆರಡು ನಿಮಿಷ ಚೆನ್ನಾಗಿ ತಣ್ಣಗಿತ್ತು. ಆಮೇಲೆ ಒಮ್ಮೆಗೇ ಬೆಚ್ಚಗಾಯಿತು. ಬಾವಿಯ ಬಳಿ ನಿಂತು ಹೊರಟ ಮೇಲೆ ಮತ್ತೆ ತಣ್ಣಗೆ ಬಂತು, ಹದಿನೆಂಟು ನಿಮಿಷ. ಪುನಃ ನಿಂತಿತು. ಮನೆಯಲ್ಲಿ ನಿನ್ನೆ ಎರಡು ಸಲ ಎಂಜಿನ್ ಹಾಕಿಸಿ ನೋಡಿದೆ. ಎರಡು ಸಲವೂ ಹೀಗೆಯೇ. ಶಾರದ."

ಕರಿಸಿದ್ದಪ್ಪ ಇನ್ನೊಂದು ಸಲ ಓದಿಸಿದ. ಜಗುಲಿಯ ಮೇಲೆ ಕೂತು ಬೀಡಿ ಹಚ್ಚಿ, ಸೇದುವುದನ್ನು ಮರೆತ. ಬೀಡಿ ತಾನೇ ಉರಿದು ಬೆರಳಿಗೆ ಬಂತು.

"ನೀರು ಮೇಷ್ಟ್ರೆ" ಎಂದ.

"ಎಲ್ಲಿ ನೀರು?"

"ಒಳಗೆ. ಗ್ಯಾಸಿನ ಜೊತೆ ನೀರು ಸೇರ್ಕಂಡೈತೆ. ಡಿಕ್ಕಿಲಿ ಒಂದು ವಾಲ್ವು ಐತೆ, ಸೂಜಿ ತೂತಿನಷ್ಟು. ಗ್ಯಾಸು ಅಲ್ಲಿಂದ ನುಗ್ಗಿದ್ಮೇಲೇ ತಣ್ಣಗಾಗೋದು. ಆ ತೂತಲ್ಲಿ ನೀರಿನ ಹನಿ ಗಡ್ಡೆ ಕಟ್ಟಿ ಮುಚ್ಕಳ್ತದೆ. ನಿಂತ್ರೆ ಗಡ್ಡೆ ಕರಗ್ತದೆ, ಮತ್ತೆ ಓಡ್ತದೆ." ಬೀಡಿಯ ತುಂಡು ಎಸೆದು, "ತಪ್ಪು ನಂದೇ" ಎಂದ.

ಅದು ಹೇಗೆಂದು ನನಗೆ ಬಿಡಿಸಿ ಹೇಳಿದ. ಅಮೋನಿಯಾಕ್ಕೂ ನೀರಿಗೂ ಸ್ನೇಹ. ಒಂದಿಷ್ಟು ನೀರು ಸೇರಿದರೆ ಅದು ಕರಗಿಸಿಕೊಂಡುಬಿಡುತ್ತದೆ, ಗಡ್ಡೆ ಕಟ್ಟಲು ಬಿಡುವುದಿಲ್ಲ. ಆದ್ದರಿಂದ ಇಪ್ಪತ್ತು ವರ್ಷದಲ್ಲಿ ತೇವದ ಬಗ್ಗೆ ಅವನು ತಲೆ ಕೆಡಿಸಿಕೊಂಡವನೇ ಅಲ್ಲ. ಈ ಗ್ಯಾಸಿಗೂ ನೀರಿಗೂ ಆಗುವುದಿಲ್ಲ. ಟೈರ್ ಅಂಗಡಿಯ ಗಾಳಿ ತುಂಬಿಸಿದಾಗ ಆ ಗಾಳಿಯ ತೇವ ಒಳಗೆ ಉಳಿದಿತ್ತು. ಬರಿದೆ ಊದಿ ಹೊರಹಾಕಿದರೆ ಅದು ಹೋಗುವಂಥದ್ದಲ್ಲ.

ಮಾರನೆಯ ದಿನ ರಜೆ ಹಾಕಿ ಬಸ್ಸು ಹತ್ತಿದ. ನಾನೂ ಜೊತೆಗೆ ಹೋದೆ. ಕುಣಿಗಲ್ಲಿನಲ್ಲಿ ವಕೀಲರು ಜಗುಲಿಗೆ ಬಂದು, "ಬೇಡಪ್ಪ, ಸಾಕು. ನೀನು ಮಾಡಿದ್ದೇ ಹೆಚ್ಚು" ಎಂದರು. ಸಿಟ್ಟಿರಲಿಲ್ಲ, ಸೋತುಹೋಗಿದ್ದರು.

"ಸ್ವಾಮಿ, ತಪ್ಪು ನನ್ನಿಂದ ಆಗೈತೆ. ಅದನ್ನ ಹೇಳಕ್ಕೇ ಬಂದೆ" ಎಂದ ಕರಿಸಿದ್ದಪ್ಪ. "ಒಂದ್ಸಲ ತೋರಿಸ್ತೀನಿ. ಸುಳ್ಳಾದ್ರೆ ಈಗ್ಲೇ ಬಸ್ ಹತ್ತೋಗ್ತೀನಿ."

ಎಂಜಿನ್ ಹಾಕಿಸಿದ. ಶಾರದ ಗಡಿಯಾರ ಹಿಡಿದು ಕೂತಳು. ಇಪ್ಪತ್ತು ನಿಮಿಷಕ್ಕೆ ಗಾಳಿ ಬೆಚ್ಚಗಾಯಿತು. ಕರಿಸಿದ್ದಪ್ಪ ಒಳಗಿನಿಂದ ಕುದಿಯುವ ನೀರು ತರಿಸಿ, ಬಟ್ಟೆ ಅದ್ದಿ, ಡಿಕ್ಕಿಯೊಳಗೆ ಬಗ್ಗಿ ಆ ವಾಲ್ವಿಗೆ ಸುತ್ತಿ ಹಿಡಿದ. ಒಂದು ನಿಮಿಷ ಆಗಿರಬಹುದು. "ಬಂತು! ಅಣ್ಣಾ, ತಣ್ಣಗೆ ಬಂತು!" ಎಂದು ಶಾರದ ತಂದೆಗೆ ಕೂಗಿ ಹೇಳಿದಳು. ಬಿಸಿ ಬಟ್ಟೆ ಹಿಡಿದರೆ ತಂಪು ಬರುವುದನ್ನು ಕಂಡು ಯೋಗನರಸಿಂಹರು ಡಿಕ್ಕಿಯ ಬಳಿಯೇ ನಿಂತುಬಿಟ್ಟರು.

"ಎಷ್ಟು ದಿನ ಬೇಕು?" ಎಂದರು.

"ಮೂರು ವಾರ ಕೊಡಿ ಸ್ವಾಮಿ."

ಒಳಗಿನ ತೇವ ತೆಗೆಯಬೇಕಾದರೆ ಕೊಳವೆಗಳಿಂದ ಗಾಳಿಯನ್ನು ಪೂರ್ತಿ ಎಳೆದು ಬರಿದು ಮಾಡಬೇಕು. ಹಾಗೆ ಎಳೆಯುವ ಪಂಪು ತುಮಕೂರಿನಲ್ಲಿರಲಿಲ್ಲ. ಮನೆಯ ಫ್ರಿಜ್ಜಿನ ಕಂಪ್ರೆಸರನ್ನು ತಿರುವುಮುರುವಾಗಿ ಜೋಡಿಸಿದರೆ ಅದೇ ಪಂಪಾಗುತ್ತದೆ ಎಂದು ಕರಿಸಿದ್ದಪ್ಪ ಯೋಚಿಸಿದ. ಆ ಕಾಲದಲ್ಲಿ ಫ್ರಿಜ್ಜಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಗುಬ್ಬಿಯಲ್ಲಿ ಅಡವಿಯಪ್ಪ ಎಂಬ ಕೊಬ್ಬರಿ ವ್ಯಾಪಾರಿಯ ಮನೆಯಲ್ಲಿ ಒಂದು ಕೆಟ್ಟ ಫ್ರಿಜ್ಜಿದೆಯೆಂದು ಅವನಿಗೆ ನೆನಪಿತ್ತು. ಹೋಗಿ ನೋಡಿದರೆ ಅದರೊಳಗೆ ಅವರ ತಾಯಿಯ ರೇಷ್ಮೆ ಸೀರೆಗಳು.

"ಜಿರಲೆ ಹೋಗಲ್ಲ, ಇಲಿ ಹೋಗಲ್ಲ, ಇಂಥ ಬೀರು ಎಲ್ ಸಿಕ್ಕಾತು? ಇದನ್ನ ಬಿಚ್ತೀನಿ ಅಂತೀಯಲ್ಲೋ" ಎಂದರಂತೆ ಆ ಅಜ್ಜಿ.

"ಬೀರು ನಿಮಗೇ ಇರ್ಲಿ ಅವ್ವ. ಹಿಂದ್ಗಡೆ ತಳದಾಗೆ ಒಂದು ಕರೀ ಗುಂಡು ಐತೆ. ಅದೊಂದು ಕೊಡಿ."

ವಿಷಯ ತಿಳಿದ ಮೇಲೆ ಅಜ್ಜಿಯೇ ಮಗನಿಗೆ ಹೇಳಿ ಅದನ್ನು ಬಿಚ್ಚಿಸಿ, ಎತ್ತಿನ ಗಾಡಿಯಲ್ಲಿ ಬಸ್ ಸ್ಟ್ಯಾಂಡಿಗೆ ಕಳಿಸಿಕೊಟ್ಟರು. ಅದರ ಕೆಟ್ಟಿದ್ದ ವೈರು ಸರಿಮಾಡಿ ಕರಿಸಿದ್ದಪ್ಪ ಓಡಿಸಿದ.

ಕಾರಿನಲ್ಲಿ ಇನ್ನೊಂದು ಸಣ್ಣ ಡಬ್ಬಿಯಿತ್ತು. ಅದರೊಳಗೆ ತೇವ ಹೀರುವ ಕಾಳುಗಳು. ಹತ್ತು ವರ್ಷದಲ್ಲಿ ಅವು ಕುಡಿಯುವಷ್ಟು ಕುಡಿದಿದ್ದವು. ಡಬ್ಬಿ ಕೊಯ್ದು ಕಾಳುಗಳನ್ನು ಭದ್ರಮ್ಮನ ಮುಂದೆ ಸುರಿದ. ಆಕೆ ದೊಡ್ಡ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕಡಲೆಬೀಜ ಹುರಿದ ಹಾಗೆ ಎರಡು ಗಂಟೆ ಕೈಯಾಡಿಸಿದರು. "ಸೀಯಬಾರದು, ಹಸೀನೂ ಇರಬಾರದು ಅಂತಾರೆ. ಚಟ್ನಿಪುಡಿಗೆ ಹುರ್ದಂಗೆ ಹುರ್ದಿವ್ನಿ" ಎಂದರು ನನ್ನ ಹೆಂಡತಿಗೆ. ಬಿಸಿಯಾಗಿರುವಾಗಲೇ ಡಬ್ಬಿಗೆ ತುಂಬಿ, ಬೆಸುಗೆ ಹಾಕಿ, ಫ್ರಿಜ್ಜಿನ ಪಂಪು ಜೋಡಿಸಿ, ಒಂದು ಹಗಲು ಪೂರ್ತಿ ಕಾರಿನ ಕೊಳವೆಗಳನ್ನು ಬರಿದು ಮಾಡಿ ಹೊಸ ಗ್ಯಾಸು ತುಂಬಿದ. ಮಾರ್ಚಿ ಮೊದಲ ವಾರದಲ್ಲಿ ಆ ಕಾರು ತುಮಕೂರಿನಿಂದ ಕುಣಿಗಲ್ಲಿಗೆ ಹೋಗಿ ಬಂತು, ಪುನಃ ಹೋಗಿ ಬಂತು. ಒಂದು ನಿಮಿಷವೂ ತಂಪು ನಿಲ್ಲಲಿಲ್ಲ.

ಪರೀಕ್ಷೆಯ ಮೊದಲ ದಿನ ಬಂತು. ಪರೀಕ್ಷೆಯ ಮುಖ್ಯಾಧಿಕಾರಿಗಳು ಲಕ್ಷ್ಮೀನರಸಿಂಹಯ್ಯ, ಬಹಳ ಕಟ್ಟುನಿಟ್ಟಿನ ಮನುಷ್ಯ. ನಾನು ಮೊದಲೇ ಹೋಗಿ ಎಲ್ಲ ಹೇಳಿದ್ದೆ. ಉತ್ತರ ದಿಕ್ಕಿನ ಕಿಟಕಿಯ ಬಳಿ ಜಾಗ, ಒದ್ದೆ ಟವೆಲು, ಕಾಲ ಕೆಳಗೆ ನೀರಿನ ಬೋಗುಣಿ, ಇಷ್ಟಕ್ಕೆ ಒಪ್ಪಿದ್ದರು. ಕಾರನ್ನು ಶಾಲೆಯ ಅಂಗಳದ ಮರದಡಿ ನಿಲ್ಲಿಸಲೂ ಬಿಟ್ಟರು.

ಬೆಳಗಿನ ಪೇಪರು ಹನ್ನೆರಡಕ್ಕೆ ಮುಗಿಯಿತು. ಹೊರಗೆ ಬಂದಾಗ ಶಾರದಳ ಮುಖ ಕೆಂಡದ ಹಾಗೆ ಕೆಂಪಾಗಿತ್ತು, ನಡಿಗೆ ತಡವರಿಸುತ್ತಿತ್ತು. ಥರ್ಮಾಮೀಟರು ನೂರೆರಡು ತೋರಿಸಿತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಎಂಜಿನ್ ಹಾಕಿದರು. ತಂಪು ಇಳಿಯಿತು. ಆದರೆ ಹದಿನೈದು ನಿಮಿಷಕ್ಕೆ ಇನ್ನೊಂದು ಪೇಚು ಬಂತು. ಓಡುವ ಕಾರಿಗೆ ಎದುರುಗಾಳಿ ಇರುತ್ತದೆ, ನಿಂತ ಕಾರಿಗೆ ಇಲ್ಲ. ಮುಂದಿನ ಜಾಲರಿಯ ಕಾವು ಹೋಗಲು ಜಾಗವಿಲ್ಲದೆ ಎಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪಿನ ಕಡೆ ಏರತೊಡಗಿತು. ಎಂಜಿನ್ ನಿಲ್ಲಿಸಿದರೆ ತಂಪಿಲ್ಲ. ಬಿಟ್ಟರೆ ಎಂಜಿನ್ ಹೋಗುತ್ತದೆ.

ನಿಂತ ಕಾರು ತೊಂದರೆ ಕೊಡುತ್ತದೆಂಬ ಅನುಮಾನ ಕರಿಸಿದ್ದಪ್ಪನಿಗೆ ಮೊದಲೇ ಇತ್ತೆಂದು ಕಾಣುತ್ತದೆ. ಹೊಗೆ ಕಾರಿನೊಳಕ್ಕೆ ಬರಬಾರದೆಂದು ಹಿಂದಿನ ಹೊಗೆಕೊಳವೆಗೆ ಆಗಲೇ ಉದ್ದನೆಯ ತಗಡಿನ ಕೊಳವೆ ಸಿಕ್ಕಿಸಿ ಗಾಳಿ ಬೀಸಿಹೋಗುವ ದಿಕ್ಕಿಗೆ ತಿರುಗಿಸಿದ್ದ. ಈಗ ಶಾಲೆಯ ತೋಟದಿಂದ ಗಿಡಗಳಿಗೆ ನೀರು ಹಾಕುವ ತೂತಿನ ಡಬ್ಬ ತಂದ. ಬಾನೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಜಾಲರಿಯ ಮೇಲೆ ಸಣ್ಣಗೆ ನೀರು ಚಿಮುಕಿಸಿದ. ಬುಸ್ ಎಂದು ಆವಿ ಎದ್ದಿತು. ಮುಳ್ಳು ನಿಂತಿತು, ಆಮೇಲೆ ಕೂದಲೆಳೆಯಷ್ಟು ಇಳಿಯಿತು. ಹೆಚ್ಚು ಹುಯ್ದರೆ ಕಾದ ಎಂಜಿನ್ನಿಗೆ ತಾಗಿ ಬಿರುಕು ಬಿಡುತ್ತದೆ, ಕಡಿಮೆಯಾದರೆ ಮುಳ್ಳು ಏರುತ್ತದೆ. ಒಂದೇ ಹದದಲ್ಲಿ, ಬಿಡದೆ, ಹನ್ನೆರಡೂಕಾಲಿನಿಂದ ಎರಡರವರೆಗೆ ಅವನು ನೀರು ಚಿಮುಕಿಸಿದ. ನಾನೂ ವಕೀಲರೂ ಬಾವಿಯಿಂದ ಬಕೆಟ್ಟುಗಳನ್ನು ಹೊತ್ತೆವು. ನಾನು ಸ್ವಲ್ಪ ಹಿಡಿಯುತ್ತೇನೆ ಎಂದೆ. "ಬ್ಯಾಡಿ ಮೇಷ್ಟ್ರೆ, ಕೈ ಬದಲಾದ್ರೆ ಹದ ತಪ್ತದೆ" ಎಂದ. ಮರದ ನೆರಳು ಕಾರಿಗಷ್ಟೇ ಇತ್ತು, ಅವನ ಬೆನ್ನು ಪೂರ್ತಿ ಬಿಸಿಲಿನಲ್ಲಿತ್ತು. ಅಂಗಿ ಬೆವರಿನಿಂದ ಹಿಂಡುವಂತಾಗಿತ್ತು.

ಒಂದೂಮುಕ್ಕಾಲಿಗೆ ಕಿಟಕಿಯ ಗಾಜು ಇಳಿಯಿತು. "ತೊಂಬತ್ತೊಂಬತ್ತಕ್ಕೆ ಬಂತು" ಎಂದಳು ಶಾರದ, ಥರ್ಮಾಮೀಟರು ತೋರಿಸುತ್ತ. ಮಡಿಲಲ್ಲಿ ರೇಖಾಗಣಿತದ ಪುಸ್ತಕ ತೆರೆದಿತ್ತು.

"ಓದ್ಕ ಅಮ್ಮಣ್ಣಿ, ಇನ್ನೂ ಕಾಲು ಗಂಟೆ ಐತೆ" ಎಂದ ಕರಿಸಿದ್ದಪ್ಪ.

ಆ ಹೊತ್ತಿಗೆ ಲಕ್ಷ್ಮೀನರಸಿಂಹಯ್ಯನವರು ವರಾಂಡದಿಂದ ಇಳಿದು ಬಂದರು. ಕಾರಿನ ಮುಂದೆ ಕೂತಿದ್ದವನನ್ನು ಒಂದು ನಿಮಿಷ ನೋಡಿದರು. ತಿರುಗಿ ಒಳಗೆ ಹೋದರು. ಮಾರನೆಯ ದಿನ ನಾವು ಬರುವ ಹೊತ್ತಿಗೆ ಮರದಡಿ ಎರಡು ದೊಡ್ಡ ಹಂಡೆಗಳಲ್ಲಿ ನೀರು ತುಂಬಿಸಿ ಇಡಲಾಗಿತ್ತು. ಬಿಸಿಲು ತಡೆಯಲು ಒಂದು ತಟ್ಟಿಯನ್ನೂ ಕಟ್ಟಿಸಿದ್ದರು.

ಆರು ದಿನ ಹೀಗೇ ನಡೆಯಿತು. ಫ್ಯಾಕ್ಟರಿಗೆ ಅದು ವರ್ಷದ ದೊಡ್ಡ ಹಂಗಾಮು, ರಜೆ ಸಿಗುವುದಿಲ್ಲ. ಕರಿಸಿದ್ದಪ್ಪ ಬೆಳಗಿನ ಜಾವ ನಾಲ್ಕಕ್ಕೆ ಕೆಲಸಕ್ಕೆ ಹೋಗಿ ಹನ್ನೊಂದಕ್ಕೆ ಬಿಡಿಸಿಕೊಂಡು ಬರುತ್ತಿದ್ದ. ಎರಡೂವರೆಗೆ ಮತ್ತೆ ಹೋಗಿ ಸಂಜೆ ಪಾಳಿ ಮುಗಿಸುತ್ತಿದ್ದ. ನಾಲ್ಕನೇ ದಿನ ಅವನ ಬಲಗೈ ಊದಿಕೊಂಡಿತು. ಎಡಗೈಯಲ್ಲಿ ಡಬ್ಬ ಹಿಡಿದ.

ಜೂನಿನಲ್ಲಿ ಫಲಿತಾಂಶ ಬಂದಾಗ ಶಾರದ ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಗಣಿತದಲ್ಲಿ ತೊಂಬತ್ತಾರು. ನಾನು ಪತ್ರಿಕೆ ಹಿಡಿದು ಫ್ಯಾಕ್ಟರಿಗೇ ಓಡಿದೆ. ಯಂತ್ರದ ಸದ್ದಿನಲ್ಲಿ ನನ್ನ ಮಾತು ಕೇಳಿಸಲಿಲ್ಲ. ಪತ್ರಿಕೆಯಲ್ಲಿ ನಂಬರಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಕೈ ಒರೆಸಿಕೊಂಡು ಆ ನಂಬರನ್ನು ಒಂದೊಂದು ಅಂಕೆಯಾಗಿ ಓದಿದ. ಆಮೇಲೆ ಹೋಗಿ ಯಂತ್ರಕ್ಕೆ ಎಣ್ಣೆ ಬಿಡತೊಡಗಿದ. ಅವನು ನಗುತ್ತಿದ್ದದ್ದು ಪಕ್ಕದಿಂದ ಕಾಣುತ್ತಿತ್ತು.

ಶಾರದ ಕಾಲೇಜಿಗೆ ಹೋಗುವುದು ಆಗದ ಮಾತು. ಪುಸ್ತಕಗಳನ್ನು ತರಿಸಿಕೊಂಡು ಗಣಿತವನ್ನು ತಾನೇ ಓದುತ್ತ ಹೋದಳು, ಬಿಡಿಸಲಾಗದ್ದನ್ನು ನನಗೆ ಅಂಚೆಯಲ್ಲಿ ಕಳಿಸುತ್ತಿದ್ದಳು. ಬರಬರುತ್ತ ಅವು ನನಗೂ ಬಿಡಿಸಲು ಬಾರದಂಥವಾದವು. ಕರಿಸಿದ್ದಪ್ಪ ತಿಂಗಳಿಗೊಂದು ಭಾನುವಾರ ಕುಣಿಗಲ್ಲಿಗೆ ಹೋಗಿ ಬರುತ್ತಿದ್ದ. ಚಳಿಗಾಲವಾದರೂ ಸರಿ, ವಾರಕ್ಕೆ ಹತ್ತು ನಿಮಿಷ ತಂಪು ಓಡಿಸಲೇಬೇಕು, ಸೀಲು ಒಣಗಬಾರದು ಎಂದು ಅವಳಿಗೆ ಕಲಿಸಿದ್ದ. ಬೆಲ್ಟಿನ ಬಿಗಿ ನೋಡುವುದು, ಜಾಲರಿಯ ಹುಳುಹುಪ್ಪಟೆ ಗುಡಿಸುವುದು, ಎಣ್ಣೆಧೂಳು ಹುಡುಕುವುದು, ಎಲ್ಲವನ್ನೂ ಅವಳೇ ಮಾಡುತ್ತಿದ್ದಳು.

ಅರವತ್ತೆಂಟರ ಬೇಸಿಗೆಗೆ ಮೊದಲು ಆ ಕಾರಿನ ಎಂಜಿನ್ ಕೈಕೊಟ್ಟಿತು. ಅದಕ್ಕೆ ಬಿಡಿಭಾಗ ಈ ದೇಶದಲ್ಲೇ ಸಿಗಲಿಲ್ಲ. ವಕೀಲರು ಇನ್ನೇನು ಮಾಡುವುದೆಂದು ಕೇಳಿ ಬರೆದರು. ಕರಿಸಿದ್ದಪ್ಪ ಹೋಗಿ ಕಾರಿನ ಸುತ್ತ ಒಂದು ಸುತ್ತು ಬಂದ.

"ಎಂಜಿನ್ ಸತ್ರೆ ತಂಪು ಯಾಕ್ ಸಾಯ್ಬೇಕು ಸ್ವಾಮಿ? ಕಂಪ್ರೆಸರಿಗೆ ಬೇಕಾಗಿರೋದು ತಿರುಗ್ಸೋರು ಅಷ್ಟೇ" ಎಂದ.

ಕಂಪ್ರೆಸರು, ಮುಂದಿನ ಜಾಲರಿ, ಡಿಕ್ಕಿಯ ಪೆಟ್ಟಿಗೆ, ವಾಲ್ವು, ಕೊಳವೆ ಎಲ್ಲವನ್ನೂ ಬಿಚ್ಚಿದ. ಶಾರದ ಓದುವ ಕೋಣೆಯ ಹಿಂದಿನ ಗೋಡೆ ಒಡೆಸಿ ಪೆಟ್ಟಿಗೆ ಕೂರಿಸಿದ. ಹೊರಗೆ ಒಂದು ಕಟ್ಟೆ ಕಟ್ಟಿಸಿ, ಅದರ ಮೇಲೆ ಬಾವಿಯ ಪಂಪಿನ ಮೋಟಾರಿಟ್ಟು ಬೆಲ್ಟ್ ಹಾಕಿ ಕಂಪ್ರೆಸರಿಗೆ ಜೋಡಿಸಿದ. ಜಾಲರಿಗೆ ಫ್ಯಾನು. ಮೋಟಾರು ವೇಗವಾಗಿ ತಿರುಗಿ ಕಂಪ್ರೆಸರು ಒಡೆಯದ ಹಾಗೆ ಎರಡು ಚಕ್ರಗಳ ಅಳತೆ ಎಷ್ಟಿರಬೇಕೆಂದು ಶಾರದಳೇ ಲೆಕ್ಕ ಮಾಡಿ ಚೀಟಿಯಲ್ಲಿ ಬರೆದುಕೊಟ್ಟಳು. ಲೇತಿನಲ್ಲಿ ಅದೇ ಅಳತೆಗೆ ಕಡೆಸಿದ. ಐದು ಭಾನುವಾರಗಳ ಕೆಲಸ.

ಸ್ವಿಚ್ಚು ಒತ್ತಿದ ದಿನ ನಾನೂ ಅಲ್ಲಿದ್ದೆ. ಏಪ್ರಿಲ್ ಮಧ್ಯಾಹ್ನ. ಅರ್ಧ ಗಂಟೆಯಲ್ಲಿ ಆ ಕೋಣೆ ಮಾರ್ಗಶಿರದ ಬೆಳಗಿನ ಹಾಗಾಯಿತು. ಶಾರದ ಹುಟ್ಟಿದ ಮೇಲೆ ಮೊದಲ ಸಲ ಏಪ್ರಿಲ್ ಮಧ್ಯಾಹ್ನದಲ್ಲಿ ಒಣಗಿದ ಬಟ್ಟೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಅವಳ ತಂದೆ ಕರಿಸಿದ್ದಪ್ಪನ ಎರಡೂ ಕೈ ಹಿಡಿದುಕೊಂಡರು.

"ತಿಂಗ್ಳಿಗೊಂದ್ಸಲ ಬರ್ತೀನಿ ಸ್ವಾಮಿ" ಎಂದ ಅವನು. "ನಾನು ಬರದಿದ್ರೂ ಯೋಚನೆ ಇಲ್ಲ. ಅಮ್ಮಣ್ಣಿಗೆ ಎಲ್ಲಾ ಗೊತ್ತೈತೆ."

ಮುಂದಿನ ವರ್ಷ ಆ ಕೋಣೆಯಲ್ಲಿ ಶಾರದ ಪಾಠ ಹೇಳಲು ಶುರುಮಾಡಿದಳು. ಕುಣಿಗಲ್ಲಿನ ಎಂಟು ಹುಡುಗಿಯರು ಗಣಿತ ಕಲಿಯಲು ಬಂದರು, ಬೇಸಿಗೆಯ ಹೊತ್ತಿಗೆ ಹತ್ತೊಂಬತ್ತಾದರು. ಒಂದು ಭಾನುವಾರ ನಾವಿಬ್ಬರೂ ಹೋದಾಗ ಪಾಠ ನಡೆಯುತ್ತಿತ್ತು. ಕರಿಸಿದ್ದಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಿಂದಿನ ಗೋಡೆಗೆ ಒರಗಿ ನಿಂತು, ಕಪ್ಪು ಹಲಗೆಯ ಮೇಲೆ ಅವಳು ಎಳೆಯುತ್ತಿದ್ದ ತ್ರಿಕೋನವನ್ನು ಕೊನೆಯವರೆಗೂ ನೋಡಿದ. ಪಾಠ ಮುಗಿದ ಮೇಲೆ ಶಾರದ ಹುಡುಗಿಯರಿಗೆ ಹೇಳಿದಳು, "ಇವರು ಸಿದ್ದಪ್ಪನವರು, ನನ್ನ ಗುರುಗಳು." ಹುಡುಗಿಯರೆಲ್ಲ ಎದ್ದು ನಿಂತರು. ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಕೂತ್ಕಳಿ, ಕೂತ್ಕಳಿ ತಾಯಂದ್ರಾ" ಎಂದು ಆ ಒಡೆದ ದನಿಯಲ್ಲಿ ಹೇಳಿ, ಮೋಟಾರಿನ ಬೆಲ್ಟು ನೋಡಿ ಬರುತ್ತೇನೆಂದು ಹಿತ್ತಿಲಿಗೆ ಹೋದ.